ಸಂಜೆಯ ಪ್ರಾರ್ಥನೆ ಮತ್ತೆ ಶುರುವಾಗಬೇಕಾದರೆ

ಮನೆಯ ಪ್ರಾರ್ಥನೆ ಯಾವ ದಿನ ನಿಂತಿತು ಎಂದು ಕೇಳಿದರೆ ಯಾರಿಗೂ ಹೇಳಲಾಗುವುದಿಲ್ಲ. ನಿಲ್ಲಿಸೋಣ ಎಂದು ಯಾರೂ ತೀರ್ಮಾನ ಮಾಡಿರುವುದಿಲ್ಲ. ಒಂದು ಸಂಜೆ ನೆಂಟರು ಬಂದರು, ಮರುವಾರ ಮಗಳ ಪರೀಕ್ಷೆ, ಆಮೇಲೆ ಅಪ್ಪನಿಗೆ ಸೆಕೆಂಡ್ ಶಿಫ್ಟ್. ನಾಳೆಯಿಂದ ಕೂರೋಣ ಎಂದವರು ನಾಳೆ ಕೂರಲಿಲ್ಲ. ಹೊಸ ವರ್ಷದ ದಿನ ಎತ್ತಿದ, ವಚನ ಬರೆದ ವಾಗ್ದಾನದ ಕಾರ್ಡು ಯಾವ ಪುಟದಲ್ಲಿತ್ತೋ ಅದೇ ಪುಟದಲ್ಲಿ ಉಳಿಯಿತು, ಸತ್ಯವೇದ (ಬೈಬಲ್) ಕಪಾಟಿನ ಮೇಲೇರಿತು. ಭಾನುವಾರದ ಆರಾಧನೆ ತಪ್ಪಿಲ್ಲ, ಕಾಣಿಕೆ ತಪ್ಪಿಲ್ಲ, ಊಟಕ್ಕೆ ಮುಂಚೆ ಒಂದು ಮಾತಿನ ಸ್ತೋತ್ರವೂ ಇದೆ. ಆದರೆ ಮನೆಮಂದಿಯೆಲ್ಲ ಒಂದು ಕಡೆ ಕೂತು ದೇವರ ಮುಂದೆ ಬಾಯಿ ತೆರೆದು ವರ್ಷಗಳೇ ಆಗಿರುತ್ತವೆ.

ಇಂಥ ಮನೆಗಳು ಪ್ರತಿ ಕ್ರೈಸ್ತ ಸಭೆಯಲ್ಲೂ ಇವೆ. ಸಭಾಪಾಲಕರ ಮನೆಯೂ ಕೆಲವೊಮ್ಮೆ ಅವುಗಳಲ್ಲಿ ಒಂದು. ನಾಚಿಕೆಯಿಂದ ಯಾರೂ ಬಾಯಿಬಿಡುವುದಿಲ್ಲ ಅಷ್ಟೆ. ಪ್ರಾರ್ಥನೆಯ ಮಹಿಮೆ ಅವರಿಗೆಲ್ಲ ಗೊತ್ತಿದೆ, ಪ್ರಸಂಗಗಳಲ್ಲಿ ಬೇಕಾದಷ್ಟು ಕೇಳಿದ್ದಾರೆ. ಅವರಿಗೆ ಬೇಕಾಗಿರುವುದು ಬೇರೆ: ಎಷ್ಟು ಹೊತ್ತಿಗೆ ಕೂರಬೇಕು, ಯಾವ ಮಾತಿನಿಂದ ಶುರು ಮಾಡಬೇಕು, ಎಷ್ಟು ನಿಮಿಷಕ್ಕೆ ಏಳಬೇಕು, ನಾಲ್ಕನೆಯ ದಿನ ತಪ್ಪಿಹೋದರೆ ಐದನೆಯ ದಿನ ಏನು ಮಾಡಬೇಕು.

ಎಡವುವುದು ಸಾಮಾನ್ಯವಾಗಿ ಮೊದಲ ವಾರದಲ್ಲೇ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲೋ ಉಜ್ಜೀವನ ಕೂಟದ ಕೊನೆಯ ದಿನವೋ ಕಣ್ಣೀರಿಟ್ಟು ಮಾತು ಕೊಡುತ್ತೇವೆ: ನಾಳೆಯಿಂದ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ. ಆ ಕಣ್ಣೀರು ನಿಜ, ಆ ಮಾತೂ ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಮಲಗುವ ಮೈ ನಾಲ್ಕಕ್ಕೆ ಏಳುವುದು ಮೂರು ದಿನ. ನಾಲ್ಕನೆಯ ದಿನ ಅಲಾರಂ ಆರಿಸಿ ಮಲಗಿದವರಿಗೆ ನಿದ್ದೆಗಿಂತ ಅಪರಾಧಭಾವವೇ ಹೆಚ್ಚು ಬರುತ್ತದೆ. ದೇವರಿಗೆ ಕೊಟ್ಟ ಮಾತು ಮುರಿದೆ ಎಂಬ ಆ ಭಾವ ಪ್ರಾರ್ಥನೆಯ ಹತ್ತಿರವೇ ಸುಳಿಯದಂತೆ ಮಾಡಿಬಿಡುತ್ತದೆ. ಹತ್ತು ನಿಮಿಷವೂ ಇಲ್ಲದ ಮನೆಗೆ ಒಂದು ಗಂಟೆಯ ಹೊರೆ ಹೊರಿಸಿದ್ದೇ ತಪ್ಪು. ಹನ್ನೆರಡು ನಿಮಿಷ ಸಾಕು. ಅದನ್ನು ಮೂರು ತಿಂಗಳು ಹೆಚ್ಚಿಸುವುದೂ ಬೇಡ, ಎಷ್ಟೇ ಉತ್ಸಾಹ ಬಂದರೂ ಬೇಡ. ಉತ್ಸಾಹ ಬಂದವರು ಒಬ್ಬರೇ ಕೂತು ಎಷ್ಟು ಬೇಕಾದರೂ ಮುಂದುವರಿಸಲಿ. ಮನೆಯವರೆಲ್ಲರ ಪ್ರಾರ್ಥನೆ ಮಾತ್ರ ಹನ್ನೆರಡಕ್ಕೆ ಮುಗಿಯಲಿ.

ಇನ್ನು ಹೊತ್ತು. ಕ್ರೈಸ್ತ ಪ್ರಾರ್ಥನೆಗೆ ಮೊದಲಿನಿಂದಲೂ ಗಡಿಯಾರವಿದೆ. ದಾನಿಯೇಲನು ಯೆರೂಸಲೇಮಿನ ಕಡೆಯ ಕಿಟಕಿಯ ಹತ್ತಿರ ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದ. ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರು ದೇವಾಲಯಕ್ಕೆ ಹೋದದ್ದು ಒಂಬತ್ತನೆಯ ತಾಸಿನ ಪ್ರಾರ್ಥನೆಗೆ, ಅಂದರೆ ಮಧ್ಯಾಹ್ನ ಮೂರಕ್ಕೆ. ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ದಿದಾಖೆ ಎಂಬ ಪುಟ್ಟ ಬೋಧನೆಯ ಪುಸ್ತಕ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಕೊಟ್ಟು, ಇದನ್ನು ದಿನಕ್ಕೆ ಮೂರು ಸಾರಿ ಹೇಳಿರಿ ಎನ್ನುತ್ತದೆ. ಮನಸ್ಸು ಬಂದಾಗ ಹೇಳಿರಿ ಎನ್ನುವುದಿಲ್ಲ. ಮನಸ್ಸು ಬಂದಾಗ ಮಾಡುವ ಕೆಲಸ ಎಷ್ಟು ದಿನ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಬಿಟ್ಟದ್ದನ್ನು ಮತ್ತೆ ಹಿಡಿಯುವವರು ಸಂಜೆಯಿಂದ ಶುರು ಮಾಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಟಿಫನ್ ಡಬ್ಬಿ, ಶಾಲೆಯ ವ್ಯಾನು, ಬಸ್ಸು; ಎಲ್ಲರೂ ಎದ್ದಿರುತ್ತಾರೆ, ಯಾರೂ ಕೂರುವ ಸ್ಥಿತಿಯಲ್ಲಿ ಇರುವುದಿಲ್ಲ. ಸತ್ಯವೇದದ ಲೆಕ್ಕದಲ್ಲಿ ದಿನ ಹುಟ್ಟುವುದೇ ಸಂಜೆಗೆ. ಆದಿಕಾಂಡದ ಮೊದಲ ಅಧ್ಯಾಯ ಪ್ರತಿ ದಿನವನ್ನೂ ಸಾಯಂಕಾಲದಿಂದ ಎಣಿಸುತ್ತದೆ, ಸತ್ಯವೇದದ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 55ನೆಯದೂ ಮೂರು ಹೊತ್ತಿನ ಮೊರೆಯನ್ನು ಸಂಜೆಯಿಂದಲೇ ಶುರು ಮಾಡುತ್ತದೆ. ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ಮನೆಯಲ್ಲಿ ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಗಟ್ಟಿಯಾಗಿ ನಿಲ್ಲುತ್ತದೆ. ರಾತ್ರಿಯ ಊಟಕ್ಕಿಂತ ಮುಂಚೆ, ತಟ್ಟೆ ಹಾಕುವ ಮೊದಲು, ಎಂದಿಟ್ಟುಕೊಳ್ಳಿ. ಊಟದ ನಂತರ ಎಂದಿಟ್ಟರೆ ಮಕ್ಕಳು ತೂಕಡಿಸುತ್ತಾರೆ, ದೊಡ್ಡವರು ಫೋನು ಹಿಡಿಯುತ್ತಾರೆ.

ಇಲ್ಲಿ ಅಡುಗೆಮನೆಯ ಮಾತೊಂದಿದೆ, ಚಿಕ್ಕದೆಂದು ತಳ್ಳಿಹಾಕಬಾರದು. ಕುಕ್ಕರ್ ಇಟ್ಟು ಪ್ರಾರ್ಥನೆಗೆ ಕೂತರೆ ಅಮ್ಮನ ಕಿವಿ ಕೀರ್ತನೆಯ ಮೇಲಿರುವುದಿಲ್ಲ, ವಿಸಿಲ್ ಎಣಿಸುತ್ತಿರುತ್ತದೆ. ಎರಡನೆಯ ವಿಸಿಲ್‌ಗೆ ಅವರು ಎದ್ದು ಹೋಗುತ್ತಾರೆ, ಹಿಂದೆಯೇ ಮಗು ಎದ್ದು ಹೋಗುತ್ತದೆ, ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ಒಲೆ ಆರಿಸಿ ಎಲ್ಲರೂ ಕೂರಬೇಕು. ಅದಕ್ಕಾಗಿ ಊಟ ಹತ್ತು ನಿಮಿಷ ತಡವಾದರೆ ಆಗಲಿ, ಅಥವಾ ಇನ್ನೊಬ್ಬರು ಎದ್ದು ತರಕಾರಿ ಹೆಚ್ಚಿಕೊಡಲಿ. ಮನೆಯ ಒಬ್ಬರನ್ನು ಒಲೆಯ ಮುಂದೆ ಬಿಟ್ಟು ಉಳಿದವರು ಮಾಡುವ ಪ್ರಾರ್ಥನೆಗೆ ಕುಟುಂಬ ಪ್ರಾರ್ಥನೆ ಎಂಬ ಹೆಸರು ಒಪ್ಪುವುದಿಲ್ಲ.

ಕೂರುವ ಜಾಗ ದಿನವೂ ಒಂದೇ ಇರಲಿ. ಚಾಪೆಯೋ ಕುರ್ಚಿಯೋ ಅದು ಮುಖ್ಯವಲ್ಲ. ಟಿವಿ ಬರೀ ಮ್ಯೂಟ್ ಮಾಡಿದರೆ ಸಾಲದು, ಆರಿಸಬೇಕು, ಏಕೆಂದರೆ ಕಣ್ಣು ಅತ್ತಲೇ ಹೋಗುತ್ತದೆ. ಫೋನುಗಳು ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಸತ್ಯವೇದ ಇದೆಯಲ್ಲ ಎನ್ನುತ್ತಾರೆ. ಇದೆ, ಬಸ್ಸಿನಲ್ಲಿ ಓದಲು ಬಹಳ ಅನುಕೂಲ. ಆದರೆ ಓದುತ್ತಿದ್ದಂತೆ ಮೇಲಿನಿಂದ ಒಂದು ಮೆಸೇಜು ಇಳಿಯುತ್ತದೆ, ಓದುವವರ ದನಿ ಅರೆಗಳಿಗೆ ತಡವರಿಸುತ್ತದೆ, ಕೂತವರಿಗೆಲ್ಲ ಅದು ತಿಳಿಯುತ್ತದೆ. ಅಚ್ಚಿನ ಪುಸ್ತಕ ಎರಡು ಪ್ರತಿ ಇದ್ದರೆ ಸಾಕು. ಅದು ಯಾಕೆ ಎರಡು ಎಂದು ಮುಂದೆ ಹೇಳುತ್ತೇನೆ.

ಕರಾವಳಿಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಈ ಹೊತ್ತು ಮತ್ತು ಜಾಗದ ಶಿಸ್ತು ತಲೆಮಾರುಗಳಿಂದ ಬಂದದ್ದು. ಇಗರ್ಜಿಯ (ಚರ್ಚಿನ) ಸಂಜೆಯ ಗಂಟೆ, ಆಮೇಲೆ ಮನೆಯ ಅಲ್ತಾರಿನ (ಪ್ರಾರ್ಥನೆಯ ಪೀಠದ) ಮುಂದೆ ತೇರ್ಸ್ ಎಂಬ ಜಪಮಾಲೆ ಪ್ರಾರ್ಥನೆ, ಅದು ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಬಂದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು. ತೇರ್ಸ್ ಬಿಟ್ಟುಹೋದ ಮನೆಯವರು ಮೊದಲ ದಿನವೇ ಹತ್ತು ಹತ್ತು ಮಣಿಯ ಐದು ದಶಕಗಳನ್ನೂ ಹೇಳಹೊರಡುತ್ತಾರೆ. ಅವಸರವಿಲ್ಲದೆ ಹೇಳಿದರೆ ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಮಕ್ಕಳಿಗೆ ಅಭ್ಯಾಸ ತಪ್ಪಿರುತ್ತದೆ, ಮೂರನೆಯ ದಶಕಕ್ಕೆ ಮಾತು ಓಡತೊಡಗುತ್ತದೆ, ನಮೋ ಮರಿಯಾದ ಮೊದಲರ್ಧ ಮುಗಿಯುವ ಮುನ್ನವೇ ಎರಡನೆಯ ಅರ್ಧ ಶುರುವಾಗುತ್ತದೆ. ಮೊದಲ ತಿಂಗಳು ದಿನಕ್ಕೊಂದೇ ದಶಕ ಹೇಳಲಿ: ಒಂದು ಪರಲೋಕದ ಪ್ರಾರ್ಥನೆ, ಹತ್ತು ನಮೋ ಮರಿಯಾ, ಒಂದು ತ್ರಿತ್ವಸ್ತುತಿ. ಆ ದಶಕದ ರಹಸ್ಯ, ಅಂದರೆ ಆಗ ಧ್ಯಾನಿಸುವ ಯೇಸು ಮರಿಯರ ಬಾಳಿನ ಘಟನೆ, ಯಾವುದೋ ಅದಕ್ಕೆ ಹೊಂದುವ ನಾಲ್ಕು ಸಾಲನ್ನು ಸತ್ಯವೇದದಿಂದ ಓದಿ ಆಮೇಲೆ ಮಣಿ ಹಿಡಿಯಲಿ. ಬೆಸಾಂವ್ ಮಾತ್ರ ಮೊದಲ ದಿನದಿಂದಲೇ ಇರಲಿ. ದಿನಕ್ಕೊಮ್ಮೆ ಅಜ್ಜಿಯ ಕೈ ತಲೆಯ ಮೇಲೆ ಬೀಳುವುದು ಮಗುವಿಗೆ ಎಷ್ಟು ದೊಡ್ಡದು ಎಂಬುದನ್ನು ಅಳೆಯಲಾಗದು.

ಈಗ ಮಾತಿನ ವಿಷಯ. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಬಹುಕಾಲ ಪ್ರಾರ್ಥಿಸದವರನ್ನು ಕೂರಿಸಿ, ನಿಮ್ಮ ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡಿ ಎಂದರೆ ಗಂಟಲು ಕಟ್ಟುತ್ತದೆ. ಬಾಯಿಗೆ ಬರುವುದು ನಾಲ್ಕೇ ವಾಕ್ಯ: ಈ ದಿನಕ್ಕಾಗಿ ಸ್ತೋತ್ರ, ನಮ್ಮನ್ನು ಕಾಪಾಡು, ಮಕ್ಕಳನ್ನು ಆಶೀರ್ವದಿಸು, ಆಮೆನ್. ಮರುದಿನವೂ ಅದೇ ನಾಲ್ಕು. ಒಂದು ವಾರಕ್ಕೆ ಅವರಿಗೇ ಬೇಸರವಾಗುತ್ತದೆ. ಇದು ಭಕ್ತಿಯ ಕೊರತೆಯಲ್ಲ, ಮಾತಿನ ಬರ. ಬರ ಬಂದಾಗ ಎರವಲು ತರುವುದರಲ್ಲಿ ಅವಮಾನವಿಲ್ಲ. ದೇವರು ತನ್ನ ಜನರಿಗೆ 150 ಪ್ರಾರ್ಥನೆಗಳನ್ನು, ಅಂದರೆ ಕೀರ್ತನೆಗಳನ್ನು, ಬರೆಸಿಯೇ ಕೊಟ್ಟಿದ್ದಾನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು ಕೂಡ 22ನೆಯ ಕೀರ್ತನೆಯ ಮೊದಲ ಸಾಲು. ಆ ಘಳಿಗೆಯಲ್ಲಿ ಆತನೇ ಎರವಲು ಮಾತಿನಲ್ಲಿ ಪ್ರಾರ್ಥಿಸಿದ ಮೇಲೆ ನಮಗೇನು ಸಂಕೋಚ?

ಕೀರ್ತನೆಗಳನ್ನು ಎಷ್ಟು ದಿನದಲ್ಲಿ ಮುಗಿಸಬೇಕೆಂಬುದಕ್ಕೆ ಹಲವು ಪದ್ಧತಿಗಳಿವೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ವಾರಕ್ಕೊಮ್ಮೆ 150ನ್ನೂ ಮುಗಿಸುವ ನಿಯಮ ಮಾಡಿದರು. ಹಿಂದಿನ ಹಿರಿಯರು ಒಂದೇ ದಿನದಲ್ಲಿ ಹೇಳುತ್ತಿದ್ದರು, ನಾವು ವಾರಕ್ಕಾದರೂ ಹೇಳೋಣ ಎಂಬುದು ಅವರ ವಿನಯ. ತಾವು ಹಂಚಿದ ಕ್ರಮ ಹಿಡಿಸದಿದ್ದವರು ಬೇರೆ ಕ್ರಮ ಮಾಡಿಕೊಳ್ಳಲಿ ಎಂದೂ ಅದೇ ನಿಯಮದಲ್ಲಿ ಬರೆದರು. 1549ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಅದನ್ನು ತಿಂಗಳಿಗೆ ಹಿಗ್ಗಿಸಿದರು: ಬೆಳಿಗ್ಗೆಗೊಂದು ಸಂಜೆಗೊಂದರಂತೆ 60 ಪಾಲು. ಒಂದನೆಯ ತಾರೀಕು ಬೆಳಿಗ್ಗೆ 1ರಿಂದ 5, ಸಂಜೆ 6ರಿಂದ 8, ಹೀಗೆ. 1947ರಲ್ಲಿ ದಕ್ಷಿಣ ಭಾರತ ಸಭೆಯಾಗಿ (ಸಿ.ಎಸ್.ಐ.) ಒಂದುಗೂಡಿದ ಸಭೆಗಳಲ್ಲಿ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಸಭೆಯ, ಮೂಲದವರು ತಂದ ಪದ್ಧತಿ ಇದು. ಸೊಗಸಾದ ಕ್ರಮ, ಆದರೆ ಹೊಸದಾಗಿ ಕೂರುವ ಮನೆಗೆ ಭಾರ. 15ನೆಯ ತಾರೀಕು ಸಂಜೆ ಬರುವ 78ನೆಯ ಕೀರ್ತನೆಯೊಂದಕ್ಕೇ 72 ವಚನಗಳಿವೆ, ಹನ್ನೆರಡು ನಿಮಿಷವನ್ನು ಅದೇ ನುಂಗಿಬಿಡುತ್ತದೆ.

ಮನೆಗೆ ಹೊಂದುವ ಕ್ರಮ ಇದು. ಇವತ್ತಿನ ತಾರೀಕು ನೋಡಿ. ಅದಕ್ಕೆ ಮೂವತ್ತು ಮೂವತ್ತು ಕೂಡಿಸುತ್ತ ಹೋದರೆ ಐದು ಕೀರ್ತನೆ ಸಿಗುತ್ತವೆ. ಐದರಲ್ಲಿ ಒಂದನ್ನು ಆರಿಸಿ. ಇವತ್ತು 8 ಎಂದಿಟ್ಟುಕೊಳ್ಳಿ: 8, 38, 68, 98, 128. ಎಂಟನೆಯದು ಚಂದ್ರ ನಕ್ಷತ್ರಗಳನ್ನು ನೋಡಿ ಮನುಷ್ಯ ಎಷ್ಟರವನು ಎಂದು ಬೆರಗಾಗುವ 9 ವಚನ. 38ನೆಯದು ಹಾಸಿಗೆ ಹಿಡಿದವನ ನರಳಾಟ, ಗಾಯ ಕೊಳೆತು ನಾರುತ್ತಿದೆ, ಸ್ನೇಹಿತರು ದೂರ ನಿಂತಿದ್ದಾರೆ ಎಂಬಂಥ 22 ವಚನ. 68 ದೊಡ್ಡ ಮೆರವಣಿಗೆಯ ಹಾಡು, 35 ವಚನ, ಭಾನುವಾರಕ್ಕೆ ಇರಲಿ. 98ರಲ್ಲಿ ನದಿಗಳು ಚಪ್ಪಾಳೆ ತಟ್ಟುತ್ತವೆ. 128ರಲ್ಲಿ ಊಟಕ್ಕೆ ಕೂತವನ ಸುತ್ತ ಮಕ್ಕಳು ಎಣ್ಣೆಮರದ ಸಸಿಗಳಂತೆ ಇರುತ್ತಾರೆ, ಬರೀ 6 ವಚನ. ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದರೆ 38ನ್ನು ತೆಗೆಯಿರಿ. ಮದುವೆಯ ದಿನವಾದರೆ 128. ಆರಿಸುವ ಕೆಲಸ ದಿನಕ್ಕೊಬ್ಬರದಾಗಲಿ, ಐದರ ಮೊದಲ ಸಾಲುಗಳನ್ನು ಕಣ್ಣಾಡಿಸಿ ಯಾವುದೆಂದು ಹೇಳಲಿ. ಹತ್ತು ವರ್ಷದ ಹುಡುಗಿ ಯಾವುದನ್ನು ಆರಿಸಿದಳು ಎಂಬುದರಿಂದಲೇ ಅವಳ ಆ ದಿನ ಹೇಗಿತ್ತೆಂದು ಕೆಲವು ಸಲ ತಿಳಿಯುತ್ತದೆ.

31ನೆಯ ತಾರೀಕಿಗೆ 119ನೆಯ ಕೀರ್ತನೆ. ಅದು ಎಂಟೆಂಟು ವಚನದ 22 ಭಾಗ. ಒಂದು 31ಕ್ಕೆ ಒಂದೇ ಭಾಗ ಓದಿ. ವರ್ಷಕ್ಕೆ ಏಳು ಸಾರಿ 31 ಬರುತ್ತದೆ, ಆದ್ದರಿಂದ ಕೀರ್ತನೆ ಮುಗಿಯುವಷ್ಟರಲ್ಲಿ ಮನೆಯ ಪ್ರಾರ್ಥನೆ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿರುತ್ತದೆ. 29ನೆಯ ತಾರೀಕಿನ ಐದರಲ್ಲೂ 119 ಬರುತ್ತದೆ, ಆ ದಿನ ಅದನ್ನು ಬಿಟ್ಟು ಉಳಿದ ನಾಲ್ಕರಲ್ಲಿ ಒಂದನ್ನು ತೆಗೆದುಕೊಳ್ಳಿ.

ಈ ಕ್ರಮದ ದೊಡ್ಡ ಗುಣ ಬೇರೆಯೇ ಇದೆ. ಇದರಲ್ಲಿ ಬಾಕಿ ಎಂಬುದಿಲ್ಲ. ವರ್ಷದಲ್ಲಿ ಸತ್ಯವೇದ ಮುಗಿಸುವ ಪಟ್ಟಿ ಹಿಡಿದವರು ಯಾಜಕಕಾಂಡಕ್ಕೆ ಬರುವ ಹೊತ್ತಿಗೆ ಹನ್ನೊಂದು ದಿನ ಹಿಂದೆ ಬಿದ್ದಿರುತ್ತಾರೆ, ಒಂದು ರಾತ್ರಿ ಕೂತು ಮೂವತ್ತು ಅಧ್ಯಾಯ ಓದಿ ಸಾಲ ತೀರಿಸಲು ಹೋಗಿ ಕೈಬಿಡುತ್ತಾರೆ. ಇಲ್ಲಿ ಮೂರು ದಿನ ತಪ್ಪಿದರೆ ತಪ್ಪಿತು. ನಾಲ್ಕನೆಯ ದಿನ ಕ್ಯಾಲೆಂಡರ್ ನೋಡಿ ಆ ದಿನದ ಕೀರ್ತನೆಯಿಂದ ಶುರು ಮಾಡಿದರಾಯಿತು. ಯಾಕೆ ತಪ್ಪಿತು, ಯಾರಿಂದ ತಪ್ಪಿತು ಎಂಬ ವಿಚಾರಣೆ ಚಾಪೆಯ ಮೇಲೆ ನಡೆಯಬಾರದು. ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರವಾದ ಮನ್ನಾ ಸಹ ಆ ದಿನಕ್ಕಷ್ಟೇ ಸಿಗುತ್ತಿತ್ತು.

ಇನ್ನು ಎರಡು ಪ್ರತಿಯ ವಿಷಯ. ಕೀರ್ತನೆಯನ್ನು ಒಬ್ಬರು ಓದಿ ಉಳಿದವರು ಕೇಳುವುದಕ್ಕಿಂತ ಅರ್ಧರ್ಧ ಹಂಚಿಕೊಂಡು ಹೇಳಬೇಕು. ಕೀರ್ತನೆಗಳ ಮೂಲವಾದ ಇಬ್ರಿಯ (ಹೀಬ್ರೂ) ಕಾವ್ಯದಲ್ಲಿ ಸಾಲು ಎರಡು ಹೋಳಾಗಿ ಬರುತ್ತದೆ: ಮೊದಲ ಹೋಳು ಒಂದು ಮಾತು ಎತ್ತುತ್ತದೆ, ಎರಡನೆಯದು ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ ಅಥವಾ ಮುಂದಕ್ಕೆ ಒಯ್ಯುತ್ತದೆ. ಕನ್ನಡ ಸತ್ಯವೇದದಲ್ಲಿ ಆ ಒಡಕು ಎಷ್ಟೋ ಕಡೆ ಅರ್ಧವಿರಾಮದ ಗುರುತಿನಲ್ಲೇ ಕಾಣುತ್ತದೆ. ‘ಯೆಹೋವನು ನನಗೆ ಕುರುಬನು’ ಎಂದು ಒಂದು ಕಡೆಯವರು. ಒಂದು ಉಸಿರು ಮೌನ. ‘ಕೊರತೆಪಡೆನು’ ಎಂದು ಇನ್ನೊಂದು ಕಡೆಯವರು. ಸೋಬಾನೆ ಪದದಲ್ಲಿ ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದುಕೊಳ್ಳುವ ಹಾಗೆ. ನಮ್ಮ ನೆಲದ ಹಾಡಿನ ಜಾಯಮಾನಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ನಡುವಿನ ಆ ಒಂದು ಉಸಿರನ್ನು ಬಿಡಬೇಡಿ. ಅದನ್ನು ಬಿಟ್ಟರೆ ಎರಡು ಪಂಗಡದವರೂ ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಾರೆ. ಹೀಗೆ ಹೇಳುವಾಗ ಯಾರಿಗೂ ನಿದ್ದೆ ಬರುವುದಿಲ್ಲ, ನಿಮ್ಮ ಅರ್ಧಕ್ಕಾಗಿ ಎದುರಿನವರು ಕಾದಿರುತ್ತಾರೆ. ಓದು ಬಾರದ ಅಜ್ಜಿ ಇದ್ದರೆ 136ನೆಯ ಕೀರ್ತನೆ ಆರಿಸಿ. 26 ವಚನಗಳಲ್ಲೂ ಎರಡನೆಯ ಅರ್ಧ ಒಂದೇ, ದೇವರ ಕೃಪೆ ಶಾಶ್ವತ ಎಂಬುದು. ಅಜ್ಜಿಯೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ.

ಶತ್ರುಗಳಿಗೆ ಕೇಡು ಬೇಡುವ ಶಾಪದ ಕೀರ್ತನೆಗಳನ್ನು ಏನು ಮಾಡುವುದು ಎಂದು ಕೇಳುವವರಿದ್ದಾರೆ. ಕಥೋಲಿಕ ಸಭೆ 1971ರಲ್ಲಿ ದಿನದ ಹೊತ್ತುಹೊತ್ತಿಗೆ ಹೇಳುವ ತನ್ನ ಕಾಲಪ್ರಾರ್ಥನೆಯ ಪುಸ್ತಕವನ್ನು ಹೊಸದಾಗಿ ಹೊರತಂದಾಗ 58, 83, 109 ಈ ಮೂರನ್ನು ಪೂರ್ತಿ ಕೈಬಿಟ್ಟಿತು. ಚಿಕ್ಕ ಮಕ್ಕಳಿರುವ ಮನೆಯವರೂ ಹಾಗೆಯೇ ಮಾಡಬಹುದು. ದೊಡ್ಡವರಷ್ಟೇ ಇರುವಲ್ಲಿ ನಾನಾದರೆ ಬಿಡಬೇಡಿ ಎನ್ನುತ್ತೇನೆ. ದಾಯಾದಿಯ ಮೇಲೆ ಮನಸ್ಸಿನಲ್ಲಿ ಕುದಿಯುವ ಮಾತು ಹೇಗೂ ಇದ್ದೇ ಇದೆ, ಅದು ದೇವರ ಮುಂದೆ ಹೊರಬಂದರೆ ಅಲ್ಲೇ ತಣಿಯುತ್ತದೆ.

ಕೀರ್ತನೆಯ ನಂತರ ಯೇಸುವಿನ ಬಾಳನ್ನು ಹೇಳುವ ಸುವಾರ್ತೆಯ ಒಂದು ತುಣುಕು, ಹತ್ತು ವಚನದಷ್ಟು. ಮಾರ್ಕನಿಂದ ಶುರು ಮಾಡಿ. 16 ಅಧ್ಯಾಯದ ಚಿಕ್ಕ ಪುಸ್ತಕ, ದಿನಕ್ಕೆ ಹತ್ತು ವಚನದಂತೆ ಸುಮಾರು ಎಪ್ಪತ್ತು ದಿನಕ್ಕೆ ಮುಗಿಯುತ್ತದೆ. ವಿವರಣೆ ಬೇಡ. ಅಪ್ಪನಿಗೆ ಪ್ರಸಂಗ ಮಾಡುವ ಆಸೆ ಹುಟ್ಟುವುದು ಇಲ್ಲೇ, ಹನ್ನೆರಡು ನಿಮಿಷ ನಲವತ್ತಾಗುವುದೂ ಇಲ್ಲೇ. ಓದಿ ಮುಗಿಸಿ ಒಂದು ನಿಮಿಷ ಸುಮ್ಮನಿರಿ. ಗೋಡೆ ಗಡಿಯಾರದ ಸದ್ದು ಕೇಳಿಸಬೇಕು. ಮೊದಲ ಕೆಲವು ದಿನ ಮಕ್ಕಳು ನಗುತ್ತಾರೆ, ನಗಲಿ ಬಿಡಿ.

ಆಮೇಲೆ ವಿಜ್ಞಾಪನೆ. ಒಬ್ಬರಿಗೆ ಒಂದೇ ವಾಕ್ಯ. ಒಬ್ಬೊಬ್ಬರೂ ಹೇಳಿದ ಮೇಲೆ ಎಲ್ಲರೂ ‘ಕರ್ತನೇ, ನಮ್ಮ ಪ್ರಾರ್ಥನೆಯನ್ನು ಕೇಳು’ ಎನ್ನಿ. ಒಂದು ವಾಕ್ಯವಾದರೆ ಆರು ವರ್ಷದ ಮಗುವೂ ಹೇಳುತ್ತದೆ, ಸಂಕೋಚದ ಅಳಿಯನೂ ಹೇಳುತ್ತಾನೆ. ಇಲ್ಲಿ ಒಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ, ಬಿಡಿಸಿ ಹೇಳಲೇಬೇಕು. ‘ದೇವರೇ, ಈ ಹುಡುಗನಿಗೆ ಒಳ್ಳೇ ಬುದ್ಧಿ ಕೊಡು, ಓದಿನ ಕಡೆ ಗಮನ ಕೊಡು, ಕೆಟ್ಟ ಸಹವಾಸ ಬಿಡಿಸು.’ ಹುಡುಗ ಅಲ್ಲೇ ಕಣ್ಣುಮುಚ್ಚಿ ಕೂತಿದ್ದಾನೆ. ಅವನಿಗೆ ಎದುರು ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ, ಏಕೆಂದರೆ ಅದು ಪ್ರಾರ್ಥನೆ. ಬಾಯಿ ಮಾತಿನಲ್ಲಿ ಬೈದಿದ್ದರೆ ಮರೆಯುತ್ತಿದ್ದ, ಹೀಗೆ ಬೈದದ್ದನ್ನು ಮರೆಯುವುದಿಲ್ಲ. ಹದಿನೆಂಟಕ್ಕೆ ಮನೆ ಬಿಟ್ಟು ಬೆಂಗಳೂರಿನ ಪಿ.ಜಿ. ಸೇರಿದ ಮೇಲೆ ಪ್ರಾರ್ಥನೆ ಎಂಬ ಮಾತು ಕೇಳಿದರೆ ಅವನಿಗೆ ನೆನಪಾಗುವುದು ಆ ಚಾಪೆ, ಆ ದನಿ. ಎದುರಿಗಿರುವವರ ಬಗ್ಗೆ ಕೃತಜ್ಞತೆಯನ್ನು ಮಾತ್ರ ಗಟ್ಟಿಯಾಗಿ ಹೇಳಿ. ಅವರ ಕುಂದುಕೊರತೆಯ ಮೊರೆ ನೀವೊಬ್ಬರೇ ಇರುವಾಗ ಇರಲಿ, ಎಷ್ಟು ಅತ್ತು ಬೇಡಿದರೂ ಸರಿ.

ಹೊರಗಿನವರ ಹೆಸರುಗಳಿಗೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ವಾರದ ಏಳು ದಿನಕ್ಕೆ ಏಳು ಪುಟ, ಒಂದೊಂದರಲ್ಲಿ ಐದೇ ಹೆಸರು. ಐದಕ್ಕಿಂತ ಹೆಚ್ಚಾದರೆ ಹೆಸರುಗಳು ಹಾಜರಿ ಕೂಗಿದಂತಾಗುತ್ತವೆ. ಎದುರು ಪುಟದಲ್ಲಿ ತಾರೀಕು ಹಾಕಿ ಏನಾಯಿತೆಂದು ಬರೆಯಿರಿ: ಗುಣವಾಯಿತು, ಕೆಲಸ ಸಿಕ್ಕಿತು, ತೀರಿಕೊಂಡರು. ತೀರಿಕೊಂಡವರ ಹೆಸರು ಹೊಡೆದುಹಾಕುವಾಗ ಆ ದಿನ ಅವರಿಗಾಗಿ ಸ್ತೋತ್ರ ಹೇಳಿ.

ಕೊನೆಗೆ ಕರ್ತನ ಪ್ರಾರ್ಥನೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇದು ಈಗ ಕಷ್ಟದ ಜಾಗ. ‘ಪರಿಶುದ್ಧವೆಂದು ಎಣಿಸಲ್ಪಡಲಿ’ ಎಂಬಲ್ಲಿ ನಾಲಿಗೆ ಸಿಕ್ಕಿಕೊಳ್ಳುತ್ತದೆ, ಅರ್ಥವೂ ಆಗುವುದಿಲ್ಲ, ದೊಡ್ಡವರ ಗುನುಗಿನ ಹಿಂದೆ ತುಟಿ ಆಡಿಸಿ ಸುಮ್ಮನಾಗುತ್ತಾರೆ. ವಾರಕ್ಕೊಂದೇ ಬೇಡಿಕೆ ಕಲಿಸಿ. ಆ ವಾರವಿಡೀ ಆ ಸಾಲನ್ನು ಮಗು ಒಬ್ಬಂಟಿಯಾಗಿ ಹೇಳಲಿ, ಉಳಿದದ್ದನ್ನು ಎಲ್ಲರೂ ಸೇರಿ ಹೇಳಿ. ಎಣಿಸಲ್ಪಡಲಿ ಎಂದರೆ ಏನು ಎಂದು ಕೇಳಿದರೆ, ನಿನ್ನ ಹೆಸರನ್ನು ಎಲ್ಲರೂ ಪರಿಶುದ್ಧ ಎಂದು ಕಾಣಲಿ ಎಂದು ಬಿಡಿಸಿ ಹೇಳಿ. ‘ಅನುದಿನದ ಆಹಾರ’ದ ವಾರ ಮಗುವೇ ಅನ್ನದ ಪಾತ್ರೆ ತಂದಿಡಲಿ. ‘ತಪ್ಪುಗಳನ್ನು ಕ್ಷಮಿಸು’ ಎಂಬ ವಾರಕ್ಕೆ ದೊಡ್ಡವರೇ ತಯಾರಾಗಬೇಕು, ಮಗು ಖಂಡಿತ ಯಾರದೋ ಜಗಳ ನೆನಪಿಸುತ್ತದೆ. ಎರಡು ತಿಂಗಳೊಳಗೆ ಇಡೀ ಪ್ರಾರ್ಥನೆ ಬಾಯಿಗೆ ಬರುತ್ತದೆ. ದುಬೈಯಲ್ಲಿರುವ ಮಗನೂ ಸೇರಬೇಕೆಂದಿದ್ದರೆ ವಾರಕ್ಕೊಂದು ದಿನ ವಿಡಿಯೋ ಕಾಲ್ ಇಟ್ಟುಕೊಳ್ಳಿ, ನಮ್ಮ ಏಳೂವರೆ ಅವನಿಗೆ ಆರು ಗಂಟೆ. ಕಾಲ್‌ನಲ್ಲಿ ಒಟ್ಟಿಗೆ ಹೇಳಲು ಹೋದರೆ ದನಿ ಹಿಂದುಮುಂದಾಗಿ ಗಲಿಬಿಲಿಯಾಗುತ್ತದೆ. ಕೀರ್ತನೆಯ ಒಂದರ್ಧ ಅವನಿಗೆ ಬಿಡಿ.

ಇಷ್ಟೆಲ್ಲ ಸರಿಯಾಗಿ ನಡೆದರೂ ಐದಾರು ವಾರಕ್ಕೆ ಒಂದು ಒಣಕಾಲ ಬಂದೇ ಬರುತ್ತದೆ. ಮಾತುಗಳು ಮರದ ತುಂಡಿನಂತೆ ಬಾಯಿಂದ ಬೀಳುತ್ತವೆ. ಈಜಿಪ್ಟಿನ ಮರಳುಗಾಡಿನಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬ ತಪಸ್ವಿ ಇದನ್ನು ನಡುಹಗಲಿನ ದೆವ್ವ ಎಂದು ಕರೆದ. ಅದು ಹಿಡಿದಾಗ ಸೂರ್ಯ ಅಲುಗುವುದೇ ಇಲ್ಲವೆನಿಸುತ್ತದೆ, ಹಗಲು ಐವತ್ತು ಗಂಟೆ ಇದ್ದಂತೆ ತೋರುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು. ಅವನು ಹೇಳಿದ ಮದ್ದು ಇದು: ಕಣ್ಣೀರಿನೊಡನೆ ನಿನ್ನ ಪ್ರಾಣವನ್ನು ಎರಡು ಮಾಡು, ಒಂದು ಪಾಲು ಇನ್ನೊಂದನ್ನು ಸಂತೈಸಲಿ, ಮನವೇ ಯಾಕೆ ಕುಗ್ಗಿಹೋದೆ ಎಂದು ದಾವೀದನ ಮಾತನ್ನೇ ಹೇಳಲಿ. ಆ ಮಾತು 42 ಮತ್ತು 43ನೆಯ ಕೀರ್ತನೆಗಳಲ್ಲಿ ಸೇರಿ ಮೂರು ಸಾರಿ ಬರುತ್ತದೆ, ಒಂದು ಸಾರಿ ಹೇಳಿದರೆ ಮನಸ್ಸು ಏಳುವುದಿಲ್ಲ ಎಂದು ಗೊತ್ತಿದ್ದವರು ಬರೆದದ್ದು. ಒಣಕಾಲದಲ್ಲಿ ಕ್ರಮ ಬದಲಿಸಬೇಡಿ, ಹೊಸ ಪುಸ್ತಕ ಕೊಳ್ಳಬೇಡಿ, ಹೊತ್ತು ಬದಲಿಸಬೇಡಿ. ಹನ್ನೆರಡು ನಿಮಿಷ ಕೂತು ಏಳಿ.

ಒಣಗುವುದು ಬೇರೆ, ಸಾವು ನೋವಿನ ಮನೆಯ ಮೌನ ಬೇರೆ. ಮಗು ಕಳೆದುಕೊಂಡ ಮನೆಗೆ ಹೋಗಿ ಸ್ತೋತ್ರ ಹೇಳಿರಿ ಎನ್ನಬಾರದು. ಅಂಥವರಿಗೆ 13ನೆಯ ಕೀರ್ತನೆ ಇದೆ, ಎಷ್ಟರವರೆಗೆ ಎಂಬ ಪ್ರಶ್ನೆ ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಾರಿ. 88 ಇದೆ, ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದೂ ಸತ್ಯವೇದದಲ್ಲೇ ಇದೆ ಎಂಬುದು ಅವರಿಗೆ ಗೊತ್ತಾಗಬೇಕು.

ಮನೆಯಲ್ಲಿ ಬೇರೂರಿದ್ದು ನಿಧಾನವಾಗಿ ಸಭೆಗೆ ಹರಡುತ್ತದೆ. ವಾರದ ಮನೆ ಪ್ರಾರ್ಥನೆ ನಿಂತುಹೋಗಲು ಬಹಳ ಕಡೆ ನಿಜವಾದ ಕಾರಣ ತಿಂಡಿ. ಮೊದಲ ಮನೆಯಲ್ಲಿ ಚಹ ಬಿಸ್ಕತ್ತು, ಎರಡನೆಯದರಲ್ಲಿ ಕೇಸರಿಬಾತ್ ಉಪ್ಪಿಟ್ಟು, ನಾಲ್ಕನೆಯದರಲ್ಲಿ ಬಿರಿಯಾನಿ. ಐದನೆಯ ಮನೆ ಗಾರ್ಮೆಂಟ್ಸ್ ಕೆಲಸದ ತಾಯಿಯದು. ಅವರು ಈ ವಾರ ಬೇಡ ಎನ್ನುತ್ತಾರೆ, ಮುಂದಿನ ವಾರವೂ ಬೇಡ ಎನ್ನುತ್ತಾರೆ, ಆಮೇಲೆ ಬೇರೆಯವರ ಮನೆಗೆ ಬರುವುದನ್ನೂ ಬಿಡುತ್ತಾರೆ. ಚಹ ಮಾತ್ರ ಎಂದು ಸಭೆಯ ಹಿರಿಯರು ಮೊದಲೇ ಸಾರಬೇಕು, ಅನುಕೂಲವಿರುವವರೇ ಅದನ್ನು ಮೊದಲು ಪಾಲಿಸಬೇಕು. ನಲವತ್ತೈದು ನಿಮಿಷ ಮೀರಬಾರದು, ಕೊನೆಯ ಬಸ್ಸು ಹಿಡಿಯುವವರಿರುತ್ತಾರೆ. ವಿಜ್ಞಾಪನೆಯ ಹೆಸರಿನಲ್ಲಿ ಬೇರೆ ಮನೆಯ ಸುದ್ದಿ ಹೊರಬರಬಾರದು: ಇಲ್ಲಿ ಇಲ್ಲದವರ ಬಗ್ಗೆ ಹೆಸರಷ್ಟೇ ಹೇಳಿ, ವಿವರ ದೇವರಿಗೆ ಗೊತ್ತು. ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕುವ ಮುನ್ನ ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ಆಮೇಲೆ ಹಾಕಿ.

ಸರಪಳಿ ಪ್ರಾರ್ಥನೆ ಇಟ್ಟುಕೊಳ್ಳುವ ಸಭೆಗಳು ಹೆರ್ನ್‌ಹೂಟ್‌ನ ಹೆಸರು ಹೇಳುವುದುಂಟು. ಜರ್ಮನಿಯ ಆ ಪುಟ್ಟ ಊರಿನಲ್ಲಿ 1727ರ ಆಗಸ್ಟ್ 27ರಂದು 24 ಪುರುಷರೂ 24 ಸ್ತ್ರೀಯರೂ ಒಬ್ಬೊಬ್ಬರಿಗೆ ಒಂದೊಂದು ಗಂಟೆಯಂತೆ ಹಗಲಿರುಳನ್ನು ಹಂಚಿಕೊಂಡು ಶುರು ಮಾಡಿದ ಪ್ರಾರ್ಥನೆ ನೂರು ವರ್ಷ ಮೀರಿ ನಡೆಯಿತು. ಅದಕ್ಕಿಂತ ಮುಂಚೆ ಏನಾಗಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆಶ್ರಯ ಕೇಳಿ ಬಂದ ಆ ಜನ ತಮ್ಮತಮ್ಮಲ್ಲೇ ಕಚ್ಚಾಡಿ ಒಡೆದುಹೋಗುವ ಹಂತದಲ್ಲಿದ್ದರು. ತಮ್ಮ ಜಮೀನಿನಲ್ಲಿ ಅವರಿಗೆ ಜಾಗ ಕೊಟ್ಟಿದ್ದ ಕೌಂಟ್ ಝಿಂಝೆಂಡಾರ್ಫ್ ಮನೆಮನೆಗೆ ಹೋಗಿ ಮಾತಾಡಿದ ಮೇಲೆ, ಮೇ 12ರಂದು ಎಲ್ಲರೂ ಕೂಡಿ ಬಾಳುವ ನಿಯಮಗಳಿಗೆ ಒಪ್ಪಿದರು. ಆಗಸ್ಟ್ 13ರಂದು ಒಟ್ಟಿಗೆ ಕರ್ತನ ಭೋಜನ ತೆಗೆದುಕೊಂಡರು. ಆಮೇಲೆ ಬಂದದ್ದು ಸರಪಳಿ. ನಮ್ಮಲ್ಲಿ ಚುನಾವಣೆಯ ಜಗಳದಲ್ಲಿ ಮಾತು ಬಿಟ್ಟ ಎರಡು ಗುಂಪು ಇಟ್ಟುಕೊಂಡೇ ನಲವತ್ತು ದಿನದ ಉಪವಾಸ ಪ್ರಾರ್ಥನೆಗೆ ಪಟ್ಟಿ ಹಾಕುತ್ತೇವೆ, ಎರಡನೆಯ ವಾರಕ್ಕೆ ಪಟ್ಟಿಯಲ್ಲಿ ಖಾಲಿ ಜಾಗ ಬೀಳುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂದು ಯೇಸು ಹೇಳಿದ ಮಾತು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಇನ್ನೂ ಇದೆ.

ಕೂರಲು ಮನೆಯಲ್ಲಿ ಇನ್ನೊಬ್ಬರೇ ಇಲ್ಲದವರೂ ಸಭೆಯಲ್ಲಿದ್ದಾರೆ: ಗಂಡ ತೀರಿಹೋದವರು, ಮಕ್ಕಳೆಲ್ಲ ದೂರದ ಊರಿನಲ್ಲಿರುವವರು. ಅವರಿಗೆ ನೋಟ್‌ಬುಕ್ಕಾಗಲಿ ನಿಯಮವಾಗಲಿ ಬೇಡ, ಬೇಕಾಗಿರುವುದು ಎದುರಿನ ಅರ್ಧ ಹೇಳುವ ಒಂದು ದನಿ. ಇಬ್ಬಿಬ್ಬರನ್ನು ಜೋಡಿ ಮಾಡಿಕೊಡಿ. ಏಳು ಗಂಟೆಗೆ ಒಬ್ಬರು ಫೋನು ಮಾಡಲಿ, ದಿನ ಬಿಟ್ಟು ದಿನ ಸರದಿ. 121ನೆಯ ಕೀರ್ತನೆಗೆ ಎಂಟೇ ವಚನ, ಒಬ್ಬರಿಗೆ ಮೊದಲರ್ಧ, ಇನ್ನೊಬ್ಬರಿಗೆ ಎರಡನೆಯದು. ಆಮೇಲೆ ಕರ್ತನ ಪ್ರಾರ್ಥನೆ. ಮೂರು ನಿಮಿಷದ ಕರೆ. ಕಣ್ಣು ಮಂಜಾಗಿ ಅಕ್ಷರ ಕಾಣದಿದ್ದರೂ ಒಂದು ತಿಂಗಳಲ್ಲಿ ಅದು ಬಾಯಿಪಾಠವಾಗುತ್ತದೆ. ಏಳು ಕಾಲಾದರೂ ಫೋನು ಬರದಿದ್ದರೆ ಪಕ್ಕದ ಬೀದಿಯವರನ್ನು ಕಳಿಸಿ ಬಾಗಿಲು ತಟ್ಟಿಸಿ ನೋಡಬೇಕೆಂದು ಇಬ್ಬರಿಗೂ ಗೊತ್ತಿರುತ್ತದೆ.